ಡಾಕ್ಟರ್ ಕಂಡ ಇನ್ನೊಂದು ವೈರಸ್



ಕಳೆದ ಯುಗಾದಿ ಕಾರ್ಯಕ್ರಮದ ಊಟದ ಸಾಲಿನಲ್ಲಿ ನಿಂತಿದ್ದಾಗ ನಮ್ಮ ಸಂಪಾದಕರು ಸಿಕ್ಕಿ, "ಡಾಕ್ಟ್ರೇ, ಮುಂದಿನ ಸಂಚಿಕೆಗೆ ವೈರಸ್ ಬಗ್ಗೆ ಒಂದು ಲೇಖನ ಬರೆದುಕೊಡಿ" ಎಂದರು. ನೆಗಡಿ, ಫ್ಲೂ, ಕೋವಿಡ್ ಎಂದು ನಾನು ಮನಸ್ಸಿನಲ್ಲೇ ಪಟ್ಟಿ ಮಾಡಿಕೊಳ್ಳತೊಡಗಿದೆ. "ಅದಲ್ಲ, ಕಂಪ್ಯೂಟರ್ ವೈರಸ್!" ಎಂದರು. ನಮ್ಮಲ್ಲಿ ಕಲ್ಲು ಹೊಡೆದರೆ ಸಾಫ್ಟ್‌ವೇರ್ ಇಂಜಿನಿಯರ್ ತಲೆಗೆ ಬೀಳುವಷ್ಟು ಮಂದಿ ಇರುವಾಗ ನನ್ನನ್ನೇಕೆ ಕೇಳುತ್ತೀರಿ ಎಂದೆ. "ಅವರು ಬರೆದರೆ ನಮಗೆ ಅರ್ಥ ಆಗಲ್ಲ. ನೀವಾದರೆ ನಿಮಗೆ ಅರ್ಥ ಆಗಿರೋದನ್ನ ಮಾತ್ರ ಬರೀತೀರಿ" ಎಂದು ನಕ್ಕರು. ಅದು ಹೊಗಳಿಕೆಯೋ ತೆಗಳಿಕೆಯೋ ಒಬ್ಬಟ್ಟು ತಿಂದು ಮುಗಿಸುವವರೆಗೂ ತಿಳಿಯಲಿಲ್ಲ.

ನಾನು ಒಪ್ಪಿಕೊಂಡದ್ದಕ್ಕೆ ಇನ್ನೊಂದು ಕಾರಣವೂ ಇತ್ತು. ಕಳೆದ ವರ್ಷ ಈ ರೋಗ ನಮ್ಮ ಮನೆಗೇ ಬಂದುಹೋಯಿತು. ಇಲ್ಲಿನ, ಇಂಗ್ಲೆಂಡಿನ ಮನೆಗಲ್ಲ, ಹಾಸನದಲ್ಲಿ ಅಪ್ಪ ಅಮ್ಮ ಇರುವ ಮನೆಗೆ. ಆ ಕತೆಗೆ ಆಮೇಲೆ ಬರುತ್ತೇನೆ. ಮೊದಲು ರೋಗದ ಪರಿಚಯ ಆಗಲಿ.

ವೈರಸ್, ಹುಳು ಮತ್ತು ಮಾರುವೇಷ

ದೇಹಕ್ಕೆ ಬರುವ ವೈರಸ್ ತಾನಾಗಿ ಬದುಕಲಾರದು. ನಮ್ಮ ಜೀವಕೋಶದೊಳಗೆ ಹೊಕ್ಕು, ಆ ಕೋಶದ ಕೈಯಿಂದಲೇ ತನ್ನ ಪ್ರತಿಗಳನ್ನು ಮಾಡಿಸಿಕೊಳ್ಳುತ್ತದೆ. ಕಂಪ್ಯೂಟರ್ ವೈರಸ್ಸೂ ಹಾಗೆಯೇ. ಅದು ಒಂದು ಸಣ್ಣ ಪ್ರೋಗ್ರಾಂ. ಇನ್ನೊಂದು ಪ್ರೋಗ್ರಾಮಿಗೆ ಅಂಟಿಕೊಂಡಿರುತ್ತದೆ. ಆ ಪ್ರೋಗ್ರಾಂ ನಡೆಸಿದಾಗ ತಾನೂ ಎದ್ದು, ತನ್ನ ಪ್ರತಿಯನ್ನು ಮತ್ತೊಂದಕ್ಕೆ ಅಂಟಿಸುತ್ತದೆ. ಅಮೆರಿಕದಲ್ಲಿ ವಿದ್ಯಾರ್ಥಿಯಾಗಿದ್ದ ಫ್ರೆಡ್ ಕೋಹೆನ್ 1983ರಲ್ಲಿ ಇಂಥದೊಂದನ್ನು ತರಗತಿಯಲ್ಲಿ ತೋರಿಸಿದಾಗ, ಅದಕ್ಕೆ ವೈರಸ್ ಎಂಬ ಹೆಸರು ಸೂಚಿಸಿದವರು ಅವರ ಗುರುಗಳಾದ ಲೆನರ್ಡ್ ಏಡಲ್‌ಮನ್. ಅಂದರೆ ಹೆಸರು ನಮ್ಮ ವೈದ್ಯಶಾಸ್ತ್ರದಿಂದ ಕಡ ತಂದದ್ದು. ಬಡ್ಡಿ ಮಾತ್ರ ಇನ್ನೂ ಬಂದಿಲ್ಲ!

1986ರಲ್ಲಿ ಬಂದ ಬ್ರೇನ್ ಎಂಬ ವೈರಸ್ ಐಬಿಎಂ ಮಾದರಿಯ ಪಿಸಿಗಳಲ್ಲಿ ಹರಡಿದ ಮೊದಲನೆಯದು. ಬರೆದವರು ಲಾಹೋರಿನ ಅಣ್ಣತಮ್ಮಂದಿರಾದ ಬಾಸಿತ್ ಮತ್ತು ಅಮ್ಜದ್ ಅಲ್ವಿ. ತಾವು ತಯಾರಿಸಿದ್ದ ವೈದ್ಯಕೀಯ ಸಾಫ್ಟ್‌ವೇರನ್ನು ಜನ ಕದ್ದು ನಕಲು ಮಾಡುತ್ತಿದ್ದರೆಂದು ಅದನ್ನು ಬರೆದೆವು ಎಂದು ಅವರು ಹೇಳಿದ್ದಾರೆ. ವೈರಸ್ಸಿನೊಳಗೆ ತಮ್ಮ ಹೆಸರು, ಅಂಗಡಿ ವಿಳಾಸ, ಫೋನ್ ನಂಬರನ್ನೂ ಬರೆದಿಟ್ಟಿದ್ದರು. ವಿಳಾಸ ಬಿಟ್ಟುಹೋಗುವ ಕಳ್ಳರು ಆಮೇಲೆ ಸಿಕ್ಕಿಲ್ಲ.

ಎರಡನೆಯ ಜಾತಿ ವರ್ಮ್, ಅಂದರೆ ಹುಳು. ಇದಕ್ಕೆ ಆಸರೆಯ ಪ್ರೋಗ್ರಾಂ ಬೇಡ, ನಾವು ಏನನ್ನೂ ಒತ್ತಬೇಕಾಗಿಯೂ ಇಲ್ಲ. ನೆಟ್‌ವರ್ಕಿನಲ್ಲಿ ಒಂದು ಯಂತ್ರದಿಂದ ಇನ್ನೊಂದಕ್ಕೆ ತಾನೇ ತೆವಳಿಕೊಂಡು ಹೋಗುತ್ತದೆ.

ಮೂರನೆಯದು ಟ್ರೋಜನ್. ಗ್ರೀಕರು ಮರದ ಕುದುರೆಯೊಳಗೆ ಸೈನಿಕರನ್ನು ಕೂರಿಸಿ ಟ್ರಾಯ್ ನಗರದೊಳಕ್ಕೆ ಕಳಿಸಿದ ಕತೆಯಿಂದ ಬಂದ ಹೆಸರು. ನಮಗೆ ಕುದುರೆ ಹುಡುಕಿಕೊಂಡು ಗ್ರೀಸಿಗೆ ಹೋಗುವ ಅಗತ್ಯವಿಲ್ಲ, ಸೀತಾಪಹರಣ ಸಾಕು. ಲಕ್ಷ್ಮಣ ಗೆರೆ ಎಳೆದು ಹೋದ. (ವಾಲ್ಮೀಕಿಯಲ್ಲಿ ಈ ಗೆರೆ ಇಲ್ಲವೆಂದು ಬಲ್ಲವರು ಹೇಳುತ್ತಾರೆ, ನಮ್ಮಜ್ಜಿ ಹೇಳಿದ ಕತೆಯಲ್ಲಂತೂ ಇತ್ತು.) ಅಷ್ಟು ಬಲಶಾಲಿಯಾದ ರಾವಣ ಆ ಗೆರೆ ದಾಟಲಾರದೆ ಹೋದ. ಆಗ ಅವನು ಗೆರೆಯ ಜೊತೆ ಗುದ್ದಾಡಲಿಲ್ಲ. ಸನ್ಯಾಸಿಯ ವೇಷ ಹಾಕಿ ಭಿಕ್ಷೆ ಕೇಳಿದ. ಸೀತೆಯೇ ದಾಟಿ ಬಂದಳು. ದೊಡ್ಡ ದೊಡ್ಡ ಕಂಪನಿಗಳ ಫೈರ್‌ವಾಲ್ ದಾಟುವ ವಿದ್ಯೆಯೂ ಬಹುಪಾಲು ಇದೇ.

ಒಳಗೆ ಬಂದ ಮೇಲೆ ಇವು ಮಾಡುವ ಕೆಲಸ ಬೇರೆ ಬೇರೆ. ನಾವು ಒತ್ತುವ ಕೀಲಿಗಳನ್ನೂ ನಮಗೆ ಬರುವ ಸಂದೇಶಗಳನ್ನೂ ಕದ್ದು ನೋಡುವುದು ಸ್ಪೈವೇರ್. ನಮ್ಮ ಕಡತಗಳಿಗೆ ತನ್ನ ಬೀಗ ಜಡಿದು, ಬೀಗದ ಕೈ ಬೇಕಾದರೆ ದುಡ್ಡು ಕೊಡು ಎನ್ನುವುದು ರ‍್ಯಾನ್ಸಮ್‌ವೇರ್. ಇವೆಲ್ಲಕ್ಕೂ ಸೇರಿಸಿ ಇಂಗ್ಲಿಷಿನಲ್ಲಿ ಮಾಲ್‌ವೇರ್ ಎನ್ನುತ್ತಾರೆ. ಕನ್ನಡದಲ್ಲಿ ಯಾರೋ ಪುಣ್ಯಾತ್ಮರು 'ಕುತಂತ್ರಾಂಶ' ಎಂಬ ಪದ ಮಾಡಿದ್ದಾರೆ. ಕುತಂತ್ರವೂ ಇದೆ, ತಂತ್ರಾಂಶವೂ ಇದೆ. ಇಂಗ್ಲಿಷಿಗಿಂತ ನಮ್ಮದೇ ಸೊಗಸು.

ರ‍್ಯಾನ್ಸಮ್‌ವೇರ್ ಹೊಸದೆಂದು ನಾನು ತಿಳಿದಿದ್ದೆ. ಅಲ್ಲ. 1989ರ ಡಿಸೆಂಬರಿನಲ್ಲಿ ಏಡ್ಸ್ ಬಗ್ಗೆ ಮಾಹಿತಿ ಎಂಬ ಚೀಟಿ ಅಂಟಿಸಿದ ಸುಮಾರು 20,000 ಫ್ಲಾಪಿ ಡಿಸ್ಕುಗಳು ಲಂಡನ್ನಿನಿಂದ ಅಂಚೆಯಲ್ಲಿ ಹಲವು ದೇಶಗಳಿಗೆ ಹೋದವು. ಪಡೆದವರಲ್ಲಿ ಏಡ್ಸ್ ಸಮ್ಮೇಳನಕ್ಕೆ ಬಂದಿದ್ದವರೂ ಇದ್ದರು. ಫ್ಲಾಪಿ ಹಾಕಿದ ಕಂಪ್ಯೂಟರನ್ನು ಸುಮಾರು 90 ಸಲ ಆನ್ ಮಾಡುವವರೆಗೆ ಏನೂ ಆಗುತ್ತಿರಲಿಲ್ಲ. ಆಮೇಲೆ ಕಡತಗಳ ಹೆಸರುಗಳೆಲ್ಲ ಕಲಸಿಹೋಗಿ, ಪನಾಮಾ ದೇಶದ ಅಂಚೆಪೆಟ್ಟಿಗೆಗೆ 189 ಡಾಲರ್ ಕಳಿಸಿ ಎಂಬ ಬೇಡಿಕೆ ಬರುತ್ತಿತ್ತು. ಸೋಂಕು ತಗಲಿದ ದಿನವೇ ರೋಗ ಕಾಣಿಸುವುದಿಲ್ಲ ಎಂದು ನಾವು ರೋಗಿಗಳಿಗೆ ಹೇಳುತ್ತೇವಲ್ಲ, ಇಲ್ಲಿಯೂ ಅದೇ. ಇದಕ್ಕಾಗಿ ಬಂಧಿತನಾದ ಜೋಸೆಫ್ ಪಾಪ್ ಜೀವವಿಜ್ಞಾನಿ. ಮಾನಸಿಕವಾಗಿ ವಿಚಾರಣೆ ಎದುರಿಸುವ ಸ್ಥಿತಿಯಲ್ಲಿಲ್ಲ ಎಂದು ಇಲ್ಲಿನ ನ್ಯಾಯಾಲಯ ಅವನನ್ನು ಬಿಟ್ಟಿತು.

ನನಗೆ ಬಂದ ಪ್ರೇಮಪತ್ರ

ನಾನು ಈ ದೇಶಕ್ಕೆ ಬಂದ ಹೊಸದು. 2000ದ ಮೇ 4ನೇ ತಾರೀಖು. ವಾರ್ಡಿನ ಕಂಪ್ಯೂಟರಿನಲ್ಲಿ ಮಿಂಚಂಚೆ ತೆರೆದರೆ ನಮ್ಮ ಕಚೇರಿಯ ಹಿರಿಯ ಕಾರ್ಯದರ್ಶಿಯಿಂದ ಒಂದು ಪತ್ರ. ವಿಷಯ: 'ಐ ಲವ್ ಯೂ'. ಆ ಮಹಾತಾಯಿ ನನ್ನನ್ನು ಕಂಡಾಗಲೆಲ್ಲ ರಜೆಯ ಅರ್ಜಿ ತಪ್ಪಾಗಿ ತುಂಬಿದ್ದೀಯ ಎಂದು ಗದರುತ್ತಿದ್ದರು! ಗಾಬರಿಯಾಗಿ ಮುಟ್ಟದೆ ಎದ್ದುಹೋದೆ. ಹೀಗೆ ಹೆದರಿಕೆಯಿಂದ ಬಚಾವಾದ ಕೆಲವೇ ಮಂದಿಯಲ್ಲಿ ನಾನೊಬ್ಬ.

ಲಗತ್ತಿಸಿದ ಪತ್ರ ತೆರೆದವರ ಕಂಪ್ಯೂಟರಿನಲ್ಲಿದ್ದ ಫೋಟೋಗಳು ಹಾಳಾದವು. ಅವರ ವಿಳಾಸ ಪುಸ್ತಕದಲ್ಲಿದ್ದ ಎಲ್ಲರಿಗೂ ಅದೇ ಪ್ರೇಮಪತ್ರ ಹೋಯಿತು. ಬ್ರಿಟಿಷ್ ಸಂಸತ್ತು ಕೂಡ ಅಂದು ತನ್ನ ಮಿಂಚಂಚೆ ವ್ಯವಸ್ಥೆಯನ್ನು ನಿಲ್ಲಿಸಬೇಕಾಯಿತು. ಬರೆದವನು ಮನಿಲಾದ ವಿದ್ಯಾರ್ಥಿ ಒನೆಲ್ ಡಿ ಗುಜ್ಮನ್. ಫಿಲಿಪ್ಪೀನ್ಸಿನಲ್ಲಿ ಆಗ ಇದನ್ನು ಅಪರಾಧವೆನ್ನುವ ಕಾನೂನೇ ಇಲ್ಲದ್ದರಿಂದ ಅವನಿಗೆ ಶಿಕ್ಷೆಯಾಗಲಿಲ್ಲ. ಅಪರಿಚಿತರ ಪತ್ರವಾಗಿದ್ದರೆ ಜನ ಅಷ್ಟು ಸುಲಭವಾಗಿ ತೆರೆಯುತ್ತಿರಲಿಲ್ಲ. ಪರಿಚಯದವರ ಹೆಸರಿನಲ್ಲಿ ಬಂತು, ತೆರೆದರು. ಈ ಮಾತನ್ನು ನೆನಪಿಟ್ಟುಕೊಳ್ಳಿ, ಹಾಸನದಲ್ಲಿ ಮತ್ತೆ ಬೇಕಾಗುತ್ತದೆ.

ಆ ಶುಕ್ರವಾರ

ಅದಾಗಿ 17 ವರ್ಷ ಕಳೆದು, 2017ರ ಮೇ 12, ಶುಕ್ರವಾರ ಮಧ್ಯಾಹ್ನ. ನಮ್ಮ ಬಳಗದ ಡಾಕ್ಟರುಗಳಿಗೆ ಈ ದಿನ ಮರೆತಿರಲಾರದು. ವಾನಾಕ್ರೈ ಎಂಬ ಹುಳು ಬಂದ ದಿನ. ನಾನಿದ್ದ ಆಸ್ಪತ್ರೆಗೆ ಸೋಂಕು ತಗಲಿರಲಿಲ್ಲ. ಆದರೂ ಮುನ್ನೆಚ್ಚರಿಕೆಗಾಗಿ ಎಲ್ಲ ಕಂಪ್ಯೂಟರುಗಳನ್ನೂ ಆರಿಸಿದರು. ರಕ್ತಪರೀಕ್ಷೆಯ ಫಲಿತಾಂಶವನ್ನು ಲ್ಯಾಬಿನವರು ಫೋನಿನಲ್ಲಿ ಓದಿ ಹೇಳುವುದು, ನಾವು ಚೀಟಿಯಲ್ಲಿ ಗೀಚಿಕೊಳ್ಳುವುದು. ಎಕ್ಸ್‌ರೇ ನೋಡಲು ಕೆಳಗಿನ ಮಹಡಿಗೆ ಓಡುವುದು. ಮೈಸೂರಿನಲ್ಲಿ ಹೌಸ್ ಸರ್ಜನ್ ಆಗಿದ್ದ ದಿನಗಳು ನೆನಪಾಗಿ ಮೊದಲ ಅರ್ಧ ಗಂಟೆ ಖುಷಿಯೇ ಆಯಿತು. ಆಮೇಲೆ ಒಬ್ಬ ರೋಗಿಗೆ ಪೆನಿಸಿಲಿನ್ ಅಲರ್ಜಿ ಇದೆಯೋ ಇಲ್ಲವೋ ತಿಳಿಯಲು ದಾರಿ ಕಾಣದೆ ನಿಂತಾಗ ಖುಷಿ ಇಳಿಯಿತು.

ಇಂಗ್ಲೆಂಡಿನ 236 ಎನ್‌ಎಚ್‌ಎಸ್ ಟ್ರಸ್ಟುಗಳಲ್ಲಿ ಸುಮಾರು 80ಕ್ಕೆ ಅಂದು ತೊಂದರೆಯಾಯಿತು. ಸುಮಾರು 19,000 ಅಪಾಯಿಂಟ್‌ಮೆಂಟುಗಳು ರದ್ದಾದವೆಂದು ಅಂದಾಜು. ಜಗತ್ತಿನ 150 ದೇಶಗಳಲ್ಲಿ ಪರದೆಯ ಮೇಲೆ ಒಂದೇ ಬೇಡಿಕೆ: 300 ಡಾಲರ್ ಬೆಲೆಯ ಬಿಟ್‌ಕಾಯಿನ್ ಕೊಡಿ.

ಇಲ್ಲಿ ಯಾರೂ ಪ್ರೇಮಪತ್ರ ತೆರೆದಿರಲಿಲ್ಲ. ವಿಂಡೋಸಿನ ಗೋಡೆಯಲ್ಲಿ ಒಂದು ಬಿರುಕಿತ್ತು, ಹುಳು ಅದರಲ್ಲಿ ನುಸುಳಿತು. ಆ ಬಿರುಕು ಮುಚ್ಚುವ ಅಪ್‌ಡೇಟನ್ನು ಮೈಕ್ರೋಸಾಫ್ಟ್ ಮಾರ್ಚ್ 14ರಂದೇ, ಅಂದರೆ ಎಂಟು ವಾರ ಮೊದಲೇ, ಬಿಡುಗಡೆ ಮಾಡಿತ್ತು. ಲಸಿಕೆ ಬಂದಿತ್ತು, ಹಾಕಿಸಿಕೊಂಡಿರಲಿಲ್ಲ. ಕೊನೆಗೆ ಅದರ ಓಟ ನಿಲ್ಲಿಸಿದವನು ಡೆವನ್‌ನಲ್ಲಿದ್ದ 22ರ ಹುಡುಗ ಮಾರ್ಕಸ್ ಹಚಿನ್ಸ್. ಹುಳು ಹರಡುವ ಮೊದಲು ಒಂದು ವಿಚಿತ್ರ ಹೆಸರಿನ ವೆಬ್ ವಿಳಾಸವನ್ನು ಹುಡುಕುವುದನ್ನು ಗಮನಿಸಿ, ಸುಮಾರು 10 ಡಾಲರ್ ಕೊಟ್ಟು ಆ ವಿಳಾಸವನ್ನು ತನ್ನ ಹೆಸರಿಗೆ ಕೊಂಡ. ವಿಳಾಸ ಸಿಕ್ಕಿದ್ದೇ ತಡ, ಹುಳು ಸುಮ್ಮನಾಯಿತು!

"ಅಪ್‌ಡೇಟ್ ಮಾಡಲೇ?" ಎಂದು ಕಂಪ್ಯೂಟರ್ ಕೇಳಿದಾಗ "ನಾಳೆ" ಎಂದು ಒತ್ತುವ ನಮ್ಮೆಲ್ಲರಿಗೂ ಇದು ಪಾಠ. ನಿಮ್ಮ ಮನೆಯಲ್ಲಿ ಇನ್ನೂ ವಿಂಡೋಸ್ 10 ಇದ್ದರೆ, ಅದಕ್ಕೆ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿತು ಎಂಬುದು ಗಮನದಲ್ಲಿರಲಿ.

ಹಾಸನಕ್ಕೆ ಬಂದ ಲಗ್ನಪತ್ರಿಕೆ

ಈಗ ನಮ್ಮ ಮನೆಯ ಕತೆ.

ಅಪ್ಪನಿಗೆ 80. ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರಾಗಿ ನಿವೃತ್ತರಾದವರು. ಫೋನ್, ವಾಟ್ಸಾಪ್, ಬ್ಯಾಂಕಿನ ಆಪ್ ಎಲ್ಲವನ್ನೂ ನಾನೇ ರಜೆಗೆ ಹೋದಾಗ ಹಾಕಿಕೊಟ್ಟು ಕಲಿಸಿದ್ದೆ. ಕಳೆದ ವರ್ಷ ಒಂದು ಭಾನುವಾರ ಫೋನ್ ಮಾಡಿದರೆ ಅಪ್ಪ ಎರಡು ಮಾತಾಡಿ ಅಮ್ಮನ ಕೈಗೆ ಕೊಟ್ಟುಬಿಟ್ಟರು. ಅಮ್ಮ ದನಿ ತಗ್ಗಿಸಿ, "ನಿಮ್ಮಪ್ಪ ಮೂರು ದಿನದಿಂದ ಸರಿಯಾಗಿ ಊಟ ಮಾಡ್ತಿಲ್ಲ ಕಣೋ. ಕೇಳಿದ್ರೆ ಹೇಳಲ್ಲ" ಎಂದರು. ಡಾಕ್ಟರ್ ಮಗ ಏನೆಂದುಕೊಳ್ಳಬೇಕು? ಎದೆನೋವೇ, ಜ್ವರವೇ ಎಂದು ವಿಚಾರಿಸಿದೆ. ಬಹಳ ಹೊತ್ತಿನ ಮೇಲೆ ಅಪ್ಪ ಬಾಯಿಬಿಟ್ಟರು. "ಬ್ಯಾಂಕಿನಲ್ಲಿ ಒಂದು ಲಕ್ಷದ ನಲವತ್ತಾರು ಸಾವಿರ ಹೋಯ್ತಪ್ಪ."

ನಡೆದದ್ದು ಇಷ್ಟು. ಅವರ ಹಳೆಯ ಶಿಷ್ಯನೊಬ್ಬನ ನಂಬರಿನಿಂದ ವಾಟ್ಸಾಪಿನಲ್ಲಿ ಮದುವೆ ಕರೆಯೋಲೆ ಬಂದಿದೆ. ಮಗಳ ಮದುವೆ ಇರಬೇಕೆಂದು ಅಪ್ಪ ತೆರೆದಿದ್ದಾರೆ. ಅದು ಚಿತ್ರವೂ ಅಲ್ಲ, ಪಿಡಿಎಫ್ ಕೂಡ ಅಲ್ಲ. ಹೆಸರಿನ ಕೊನೆಯಲ್ಲಿ ಚುಕ್ಕೆ ಇಟ್ಟು 'ಎಪಿಕೆ' ಎಂದಿತ್ತು. ಆಂಡ್ರಾಯ್ಡ್ ಫೋನಿಗೆ ಆಪ್ ಹಾಕುವ ಕಡತದ ಗುರುತು ಅದು. ಇದು ಅಪಾಯ ಇರಬಹುದು ಎಂದು ಫೋನ್ ಒಮ್ಮೆ ಎಚ್ಚರಿಸಿದೆ. ಎಸ್ಸೆಮ್ಮೆಸ್ ಓದಲು ಅನುಮತಿ ಕೊಡುತ್ತೀರಾ ಎಂದೂ ಕೇಳಿದೆ. ಅಪ್ಪ ಎಲ್ಲಕ್ಕೂ ಹೂಂ ಎಂದಿದ್ದಾರೆ. ಮದುವೆಗೆ ಕರೆದವರ ಪತ್ರಿಕೆ ತೆರೆದು ನೋಡದಿರುವುದು ನಮ್ಮ ಕಡೆ ಮರ್ಯಾದೆಯೇ? ಪರದೆಯಲ್ಲಿ ಏನೂ ಕಾಣಲಿಲ್ಲ. ಹುಡುಗ ಏನೋ ತಪ್ಪು ಕಳಿಸಿದ್ದಾನೆ ಎಂದುಕೊಂಡು ಮಲಗಿದ್ದಾರೆ.

ಅಂದು ರಾತ್ರಿ ಬ್ಯಾಂಕಿನ ಓಟಿಪಿಗಳು ಅಪ್ಪನ ಫೋನಿಗೆ ಬಂದವು. ಆ ಆಪ್ ಅವನ್ನು ಓದಿ ಎಲ್ಲೋ ಕುಳಿತ ಕಳ್ಳನಿಗೆ ರವಾನಿಸಿತು. ನಾಲ್ಕು ಕಂತಿನಲ್ಲಿ ಹಣ ಹೋಯಿತು. ಟ್ರೋಜನ್, ಸ್ಪೈವೇರ್, ಹುಳು ಮೂರೂ ಸೇರಿ ಒಂದೇ ಲಗ್ನಪತ್ರಿಕೆಯಲ್ಲಿ! ಹುಳು ಏಕೆಂದರೆ, ಅಪ್ಪನ ವಾಟ್ಸಾಪಿನಲ್ಲಿದ್ದ ಎಲ್ಲರಿಗೂ ಅವರ ಹೆಸರಿನಿಂದಲೇ ಅದೇ ಕರೆಯೋಲೆ ಹೋಯಿತು. ಬೆಳಗಿನಿಂದ ಫೋನುಗಳು. "ಮೇಷ್ಟ್ರೇ, ನಿಮ್ಮ ಮನೇಲಿ ಯಾರ ಮದುವೆ?" ಅಪ್ಪನಿಗೆ ಏನು ಹೇಳಬೇಕೋ ತೋಚದೆ, "ಇನ್ನೂ ಗೊತ್ತಾಗಿಲ್ಲ, ಆಮೇಲೆ ಹೇಳ್ತೀನಿ" ಎನ್ನುತ್ತಿದ್ದರಂತೆ.

ಇಲ್ಲಿಯವರೆಗೆ ಕೇಳಿ ನನಗೆ ಸಿಟ್ಟು ಬಂತು. "ಮೊದಲ ದಿನವೇ ಯಾಕೆ ಹೇಳಲಿಲ್ಲ ಅಪ್ಪ?" ಎಂದೆ.

"ಹೇಳಿದ್ರೆ ನೀನು ಬೈತೀಯ ಅಂತ ಸುಮ್ಮನಿದ್ದೆ ಕಣಪ್ಪ" ಎಂದರು.

ನಾನು ಉತ್ತರ ಕೊಡಲಿಲ್ಲ. ಕೊಡಲು ಇರಲಿಲ್ಲ. ಎರಡು ವರ್ಷದ ಹಿಂದೆ ಯಾವುದೋ ಜಾಹೀರಾತು ಒತ್ತಿ ಫೋನ್ ನಿಧಾನವಾದಾಗ ನಾನು ನಿಜವಾಗಿಯೂ ಬೈದಿದ್ದೆ. "ಎಷ್ಟು ಸಲ ಹೇಳಬೇಕು ಅಪ್ಪ ನಿಮಗೆ, ಸಿಕ್ಕಿದ್ದೆಲ್ಲ ಒತ್ತಬೇಡಿ ಅಂತ" ಎಂದು ಮಕ್ಕಳಿಗೆ ಗದರುವ ಹಾಗೆ ಗದರಿದ್ದೆ. ಅದನ್ನು ಅವರು ಮರೆತಿರಲಿಲ್ಲ.

ಆ ಮೂರು ದಿನದ ಮೌನದ ಬೆಲೆ ನಮ್ಮ ಮನೆಗೆ ಮಾತ್ರ ಬೀಳಲಿಲ್ಲ. ಅಪ್ಪನ ಜೊತೆ ಕೆಲಸ ಮಾಡಿದ್ದ ಡ್ರಾಯಿಂಗ್ ಮೇಷ್ಟ್ರು ಎರಡನೆಯ ದಿನ ಆ ಕರೆಯೋಲೆ ತೆರೆದು 38,000 ರೂಪಾಯಿ ಕಳೆದುಕೊಂಡರು. ಅವರು ತೆರೆದದ್ದು ಅಪ್ಪನ ಹೆಸರು ನೋಡಿ. ಹಣ ಹೋದದ್ದಕ್ಕಿಂತ ಅಪ್ಪನನ್ನು ಹಣ್ಣು ಮಾಡಿದ್ದು ಇದು.

ಕ್ಷಯ, ಕುಷ್ಠ ಮುಂತಾದ ರೋಗಗಳಲ್ಲಿ ನಾವು ಡಾಕ್ಟರುಗಳು ಇದನ್ನು ಕಂಡಿದ್ದೇವೆ. ಜನ ಏನೆನ್ನುತ್ತಾರೋ ಎಂದು ಮುಚ್ಚಿಟ್ಟವನಿಗೆ ರೋಗ ಬಲಿಯುತ್ತದೆ, ಮನೆಯವರಿಗೂ ಹರಡುತ್ತದೆ. ರೋಗಿಯನ್ನು ಹೀಯಾಳಿಸಿದರೆ ಮುಂದಿನ ರೋಗಿ ಆಸ್ಪತ್ರೆಗೇ ಬರುವುದಿಲ್ಲ. ಇಷ್ಟು ತಿಳಿದ ನಾನು ಅಪ್ಪನ ವಿಷಯದಲ್ಲಿ ಅದೇ ತಪ್ಪು ಮಾಡಿದ್ದೆ.

ತಗಲಿದರೆ ಏನು ಮಾಡಬೇಕು?

ಮೊದಲು ಫೋನಿನ ಇಂಟರ್‌ನೆಟ್ ಕಡಿದುಹಾಕಿ. ಏರ್‌ಪ್ಲೇನ್ ಮೋಡ್ ಒತ್ತಿದರೂ ಸಾಕು. ಬೇರೆ ಫೋನಿನಿಂದ ಬ್ಯಾಂಕಿಗೆ ಹೇಳಿ. ಭಾರತದಲ್ಲಿ ಹಣದ ಸೈಬರ್ ವಂಚನೆಗೆ 1930 ಎಂಬ ಸಹಾಯವಾಣಿ ಇದೆ. ಕಳ್ಳರು ಹಣವನ್ನು ಖಾತೆಯಿಂದ ಖಾತೆಗೆ ದಾಟಿಸುತ್ತಾ ಹೋಗುತ್ತಾರೆ. ಬೇಗ ದೂರು ಕೊಟ್ಟರೆ ಅದು ದಾರಿಯಲ್ಲಿರುವಾಗಲೇ ತಡೆಯಬಹುದು. ಅಪ್ಪ ದೂರು ಕೊಟ್ಟಾಗ ನಾಲ್ಕನೆಯ ದಿನ. ತಡೆಹಿಡಿಯಲು ಉಳಿದಿದ್ದದ್ದು 9,500 ರೂಪಾಯಿ. ಇಲ್ಲಿ ಬ್ರಿಟನ್ನಿನಲ್ಲಾದರೆ 159ಕ್ಕೆ ಫೋನ್ ಮಾಡಿದರೆ ಬಹುತೇಕ ಬ್ಯಾಂಕುಗಳ ವಂಚನೆ ವಿಭಾಗಕ್ಕೆ ಸಂಪರ್ಕ ಸಿಗುತ್ತದೆ. ಅನುಮಾನದ ಎಸ್ಸೆಮ್ಮೆಸ್ಸನ್ನು 7726ಕ್ಕೆ ಕಳಿಸಬಹುದು. ಆಮೇಲೆ ಬೇರೆ ಯಂತ್ರದಿಂದ ಪಾಸ್‌ವರ್ಡ್‌ಗಳನ್ನು ಬದಲಿಸಿ. ಸೋಂಕಿದ ಫೋನನ್ನು ಪೂರ್ತಿ ಅಳಿಸಿ ಹೊಸದಾಗಿ ಶುರುಮಾಡಿ. ನಿಮ್ಮ ಹೆಸರಿನಲ್ಲಿ ಸಂದೇಶ ಹೋಗಿರಬಹುದಾದ ಎಲ್ಲರಿಗೂ ತಡಮಾಡದೆ ತಿಳಿಸಿ.

ತಗಲದಿರಲು? ಅಪ್‌ಡೇಟ್ ಮುಂದೂಡಬೇಡಿ. ಆಪ್‌ಗಳನ್ನು ಪ್ಲೇ ಸ್ಟೋರ್, ಆಪ್ ಸ್ಟೋರ್‌ಗಳಿಂದ ಮಾತ್ರ ಹಾಕಿಕೊಳ್ಳಿ. ಕರೆಯೋಲೆ, ಕೊರಿಯರ್ ಚೀಟಿ, ಟ್ರಾಫಿಕ್ ದಂಡದ ನೋಟಿಸು ಯಾವುದೂ ಎಪಿಕೆ ರೂಪದಲ್ಲಿ ಬರುವುದಿಲ್ಲ. ಬಂದರೆ ಕಳಿಸಿದವರಿಗೆ ಒಂದು ಫೋನ್ ಮಾಡಿ ಕೇಳಿ. ಆ ನೆಪದಲ್ಲಿ ಕ್ಷೇಮಸಮಾಚಾರವೂ ಆಗುತ್ತದೆ. ಆಂಟಿವೈರಸ್ ಇರಲಿ, ಆದರೆ ಅದನ್ನೇ ನಂಬಿ ಕೂರಬೇಡಿ. ಹಿಂದೆ ಕಂಡ ರೋಗದ ಗುರುತು ಹಿಡಿಯುವುದರಲ್ಲಿ ಅದು ಜಾಣ. ಹೊಸ ರೋಗದ ಮುಂದೆ ಒಮ್ಮೊಮ್ಮೆ ತಡವರಿಸುತ್ತದೆ.

ಕೊನೆಯದು ಬ್ಯಾಕಪ್. 2017ರ ಜೂನ್ 27ರಂದು ನಾಟ್‌ಪೆಟ್ಯ ಎಂಬ ಕುತಂತ್ರಾಂಶ ಮೇರ್ಸ್ಕ್ ಎಂಬ ದೊಡ್ಡ ಹಡಗು ಕಂಪನಿಯ ಜಾಲವನ್ನೇ ನೆಲಕಚ್ಚಿಸಿತು. ಇಡೀ ಜಾಲದ ಬಳಕೆದಾರರ ಲೆಕ್ಕ ಇಡುವ ಸರ್ವರುಗಳೆಲ್ಲ ಅಳಿಸಿಹೋದವು, ಒಂದನ್ನು ಬಿಟ್ಟು. ಅದು ಘಾನಾ ದೇಶದ ಕಚೇರಿಯದು. ಅಲ್ಲಿ ಆ ಹೊತ್ತಿನಲ್ಲಿ ಕರೆಂಟ್ ಹೋಗಿತ್ತು! ಅದರೊಳಗಿನ ಮಾಹಿತಿಯನ್ನು ವಿಮಾನದಲ್ಲಿ ಇಲ್ಲಿಗೆ, ಮೇಡನ್‌ಹೆಡ್‌ಗೆ, ಹೊತ್ತು ತಂದು ಎಲ್ಲವನ್ನೂ ಮತ್ತೆ ಕಟ್ಟಿದರು. ಕರೆಂಟ್ ಹೋದಾಗಲೆಲ್ಲ ಶಾಪ ಹಾಕುತ್ತಾ ಬೆಳೆದ ನನಗೆ ಇದನ್ನು ಓದಿ ನಗು ಬಂತು. ನಮಗೆ ಆ ಅದೃಷ್ಟ ಇರುವುದಿಲ್ಲ. ಫೋಟೋ, ಕಾಗದಪತ್ರಗಳ ಒಂದು ಪ್ರತಿಯನ್ನು ಹೊರಗಿನ ಡ್ರೈವಿನಲ್ಲಿಟ್ಟು, ಕೆಲಸ ಮುಗಿದ ಮೇಲೆ ಅದನ್ನು ಕಳಚಿಡಿ. ಚುಚ್ಚಿಯೇ ಬಿಟ್ಟರೆ ಅದಕ್ಕೂ ರೋಗ ತಗಲುತ್ತದೆ.

ಅಪ್ಪನ ವಿಷಯ ಹೇಳಿ ಮುಗಿಸುತ್ತೇನೆ. ಆ ಭಾನುವಾರ ನಾನು ಫೋನಿನಲ್ಲೇ ಕ್ಷಮೆ ಕೇಳಿದೆ. ಮಾರನೆಯ ದಿನ ಅವರು ಡ್ರಾಯಿಂಗ್ ಮೇಷ್ಟ್ರ ಮನೆಗೆ ನಡೆದು ಹೋಗಿ, ನಡೆದದ್ದೆಲ್ಲ ಹೇಳಿ, ಅವರನ್ನೂ ಕರೆದುಕೊಂಡು ದೂರು ಕೊಡಲು ಹೋದರು. ಆಮೇಲೆ ನಿವೃತ್ತ ಶಿಕ್ಷಕರ ಸಭೆಯಲ್ಲಿ ಎದ್ದು ನಿಂತು, ಯಾವ ಕಡತ, ಯಾವ ಬಟನ್, ಎಷ್ಟು ಹಣ ಎಂದು ಗಣಿತದ ಲೆಕ್ಕ ಬಿಡಿಸಿದಂತೆ ಬೋರ್ಡಿನ ಮೇಲೆ ಬರೆದು ತೋರಿಸಿದರಂತೆ. ಸಭೆ ಮುಗಿದ ಮೇಲೆ ಮೂವರು ಬಂದು ಮೆಲ್ಲಗೆ, "ನನಗೂ ಹೀಗೇ ಆಗಿತ್ತು ಮೇಷ್ಟ್ರೇ, ಮಕ್ಕಳಿಗೆ ಹೇಳಿಲ್ಲ" ಎಂದರಂತೆ.

ಆದ್ದರಿಂದ, ಬಂಧುಗಳೇ, ಈ ವಾರ ಊರಿಗೆ ಫೋನ್ ಮಾಡಿದಾಗ ಬಿಪಿ, ಸಕ್ಕರೆ ವಿಚಾರಿಸಿದ ಮೇಲೆ ಇನ್ನೊಂದು ಮಾತು ಸೇರಿಸಿ. "ಫೋನಿನಲ್ಲಿ ಏನಾದರೂ ಎಡವಟ್ಟಾದರೆ ಮೊದಲು ನನಗೆ ಹೇಳಿ. ರಾತ್ರಿ ಎಷ್ಟು ಹೊತ್ತಾದರೂ ಪರವಾಗಿಲ್ಲ. ನಾನು ಬೈಯುವುದಿಲ್ಲ." ಹೇಳಿದ ಮೇಲೆ ನಿಜಕ್ಕೂ ಬೈಯಬೇಡಿ.